ತಾಲೀಮು: ಹೆಲಿಕಾಪ್ಟರ್ ಆಂಬುಲೆನ್ಸ್ ತಂಡಕ್ಕೊಂದು ಪಾಠಯೋಜನೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ, ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು ತಾಲೀಮು ಆದಾಗ ಅರ್ಥ ಕೊಂಚ ಸರಿದಿದೆ. ಕನ್ನಡದವರ ತಾಲೀಮು ನಡೆಯುವುದು ಗರಡಿಮನೆಯಲ್ಲಿ, ನಾಟಕದವರ ಮಧ್ಯೆ. ಕುಸ್ತಿಗೆ ಇಳಿಯುವ ಮೊದಲಿನ, ಬಣ್ಣ ಹಚ್ಚುವ ಮೊದಲಿನ ಅಭ್ಯಾಸ ಅದು. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಎರಡು ಅರ್ಥಗಳು ಬೇರೆ ಬೇರೆ ಎಂದು ಎಂದೂ ಅನಿಸಿಲ್ಲ. ಅವೆರಡೂ ಒಂದಾಗಿ ನಿಂತಿರುವ ಒಂದು ಕೆಲಸದ ಬಗ್ಗೆ ಇಂದು ತಮ್ಮ ಮುಂದೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಗಾಯಾಳುಗಳನ್ನು ಹೊತ್ತೊಯ್ಯುವ ಹೆಲಿಕಾಪ್ಟರ್‌ನ ಸಿಬ್ಬಂದಿಗೆ ಅಣಕು ಸನ್ನಿವೇಶಗಳ ಮೂಲಕ ತರಬೇತಿ ಕೊಡುತ್ತಾರೆ. ಆ ತರಬೇತಿಯನ್ನು ಯೋಜಿಸುವುದು ಹೇಗೆ ಎಂಬುದೇ ನನ್ನ ವಿಷಯ.

ವೈದ್ಯರೂ ಅಲ್ಲದ, ಪೈಲಟೂ ಅಲ್ಲದ ಶಾಲಾ ಮೇಷ್ಟರಿಗೆ ಇದರ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಬಿ.ಇಡ್. ಮಾಡಿದವರು ಇದರ ಬಗ್ಗೆ ಓದಲು ಕುಳಿತರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಇದು ನಮ್ಮದೇ ಪಾಠಯೋಜನೆ. ಉದ್ದೇಶ, ನಿರ್ದಿಷ್ಟಗಳು, ಕಲಿಕಾ ಅನುಭವ, ಹಿಮ್ಮಾಹಿತಿ ಎಲ್ಲವೂ ಅಲ್ಲಿವೆ. ವ್ಯತ್ಯಾಸವೆಂದರೆ ನಮ್ಮ ಪಾಠ ಕೆಟ್ಟರೆ ಮರುದಿನ ಇನ್ನೊಮ್ಮೆ ಮಾಡಬಹುದು, ಅವರ ರೋಗಿಗೆ ಮರುದಿನ ಇರುವುದಿಲ್ಲ.

ಮೊದಲು ಆ ತಂಡದಲ್ಲಿ ಯಾರಿರುತ್ತಾರೆ ನೋಡೋಣ. ನಾನು ನಾರ್ವೆ ದೇಶವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಲ್ಲಿ 1978ರಲ್ಲಿ ರಾಜಧಾನಿ ಓಸ್ಲೋ ಬಳಿಯ ಲೋರೆನ್‌ಸ್ಕೋಗ್‌ನಿಂದ ವೈದ್ಯರನ್ನು ಹೊತ್ತ ಹೆಲಿಕಾಪ್ಟರ್ ಹಾರಲು ಆರಂಭಿಸಿತು. 1988ರಿಂದ ಅದು ಸರ್ಕಾರದ ಹಣದಲ್ಲಿ ನಡೆಯುವ ರಾಷ್ಟ್ರೀಯ ಸೇವೆಯಾಯಿತು. ಹೆಲಿಕಾಪ್ಟರ್‌ನಲ್ಲಿ ಮೂವರು: ಪೈಲಟ್, ಅರಿವಳಿಕೆ ತಜ್ಞ ವೈದ್ಯರು ಮತ್ತು ಒಬ್ಬ ರಕ್ಷಣಾ ಸಿಬ್ಬಂದಿ. ಈ ಮೂರನೆಯವನ ಕೆಲಸ ವಿಶೇಷವಾದದ್ದು. ಆಕಾಶದಲ್ಲಿರುವಾಗ ಆತ ಪೈಲಟ್ ಪಕ್ಕದಲ್ಲಿ ಕುಳಿತು ದಾರಿ ನೋಡುವುದಕ್ಕೂ ರೇಡಿಯೋಗೂ ನೆರವಾಗುತ್ತಾನೆ. ನೆಲಕ್ಕೆ ಇಳಿದ ಕೂಡಲೇ ವೈದ್ಯರ ಬಲಗೈ ಆಗುತ್ತಾನೆ. ಅಂದರೆ ಅರ್ಧ ಗಂಟೆಯೊಳಗೆ ಇಬ್ಬರು ಬೇರೆ ಬೇರೆ ಮುಖ್ಯಸ್ಥರ ಕೈಕೆಳಗೆ ಆತನ ದುಡಿಮೆ. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ಪಳಗಿದವರೇ. ಹಾಗಿದ್ದರೂ ಮೂವರನ್ನು ಒಟ್ಟಿಗೆ ಕೂರಿಸಿ ತರಬೇತಿ ಕೊಡುವ ಅಗತ್ಯ ಏನಿತ್ತು?

ಇದಕ್ಕೆ ಉತ್ತರ ಬೇಕಾದರೆ ಮೊದಲು ವಿಮಾನಗಳ ಕಡೆ ಹೋಗಬೇಕು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬುವರು ನೆಲದ ಮೇಲೆಯೇ ಕುಳಿತು ವಿಮಾನ ಹಾರಿಸುವುದನ್ನು ಕಲಿಯುವ ಒಂದು ಪೆಟ್ಟಿಗೆ ಮಾಡಿದರು. ಅವರ ತಂದೆಯದು ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ಆರ್ಗನ್‌ಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಆ ಪೆಟ್ಟಿಗೆಯನ್ನು ವಾಲಿಸುತ್ತಿದ್ದರು. ಮೊದಮೊದಲು ಅದನ್ನು ಕೊಂಡದ್ದು ಜಾತ್ರೆಯಂತಹ ಮನರಂಜನಾ ಸ್ಥಳಗಳವರು. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಟಪಾಲು ಒಯ್ಯುವ ಕೆಲಸಕ್ಕೆ ಇಳಿದು, ಕೆಟ್ಟ ಹವೆಯಲ್ಲಿ ಕೆಲವೇ ವಾರಗಳಲ್ಲಿ ಹಲವರು ಸತ್ತ ಮೇಲೆ ಸೇನೆ ಆ ಪೆಟ್ಟಿಗೆಯ ಕಡೆ ತಿರುಗಿ ನೋಡಿತು. ಅಲ್ಲಿಂದ ಪ್ರತಿಯೊಬ್ಬ ಪೈಲಟ್‌ನ ಕೈಚಳಕ ಬೆಳೆಯಿತು. ತಂಡದ ಮಾತು ಮಾತ್ರ ಇನ್ನೂ ಯಾರ ಗಮನಕ್ಕೂ ಬಂದಿರಲಿಲ್ಲ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇಯಲ್ಲಿ ಢಿಕ್ಕಿ ಹೊಡೆದು 583 ಜನ ಸತ್ತರು. ಹಾರಲು ಧಾವಿಸಿದ ಡಚ್ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ. ತಮ್ಮ ಕಂಪನಿಯಲ್ಲಿ ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂಬ ಸಂಶಯ ಅವರ ಹಿಂದೆ ಕುಳಿತಿದ್ದ ಫ್ಲೈಟ್ ಇಂಜಿನಿಯರ್‌ಗೆ ಬಂದಿತ್ತು, ಅವರು ಕೇಳಿಯೂ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದಾಗ ಮಾತು ಅಲ್ಲಿಗೇ ನಿಂತಿತು. ಮರುವರ್ಷ, 1978ರ ಡಿಸೆಂಬರ್ 28ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬಳಿ ಯುನೈಟೆಡ್ ಕಂಪನಿಯ ವಿಮಾನವೊಂದು ಇಂಧನ ಮುಗಿದು ಬಿತ್ತು. ಚಕ್ರಗಳ ತೊಂದರೆಯೊಂದನ್ನೇ ಹಿಡಿದು ಕುಳಿತ ಕ್ಯಾಪ್ಟನ್‌ಗೆ ಇಂಧನ ಇಳಿಯುತ್ತಿರುವ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. 10 ಜನ ಸತ್ತರು. ಇಂತಹ ಅಪಘಾತಗಳ ನಂತರ 1979ರಲ್ಲಿ ನಾಸಾ ಸಂಸ್ಥೆ ಒಂದು ಕಾರ್ಯಾಗಾರ ಕರೆಯಿತು. 1981ರಲ್ಲಿ ಯುನೈಟೆಡ್ ಕಂಪನಿ ತನ್ನ ಸಿಬ್ಬಂದಿಗೆ ಒಟ್ಟಾಗಿ ತರಬೇತಿ ಆರಂಭಿಸಿತು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂದು ಇಂದು ಪ್ರಸಿದ್ಧವಾಗಿರುವ ಕ್ರಮ ಹೀಗೆ ಹುಟ್ಟಿತು. ಕಿರಿಯರು ಹೇಳಬೇಕು, ಹಿರಿಯರು ಕೇಳಿಸಿಕೊಳ್ಳಬೇಕು, ಇದನ್ನೂ ತಾಲೀಮು ಮಾಡಿಯೇ ಕಲಿಯಬೇಕು ಎಂಬುದು ಅದರ ತಿರುಳು.

ಆಸ್ಪತ್ರೆಗಳು ಈ ಪಾಠ ಕಲಿಯಲು ಇನ್ನಷ್ಟು ಕಾಲ ಹಿಡಿಯಿತು. 2005ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಎಲೈನ್ ಬ್ರೋಮಿಲಿ ಎಂಬ 37 ವರ್ಷದ ಎರಡು ಮಕ್ಕಳ ತಾಯಿ ಸೈನಸ್‌ನ ಸಾಧಾರಣ ಶಸ್ತ್ರಚಿಕಿತ್ಸೆಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ತಜ್ಞರು ಬಾಯಿಯ ಮೂಲಕ ಕೊಳವೆ ಇಳಿಸುವ ಪ್ರಯತ್ನವನ್ನೇ ಮತ್ತೆ ಮತ್ತೆ ಮಾಡುತ್ತಾ ಹೋದರು. ಕತ್ತಿನಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ದಾದಿಯೊಬ್ಬರು ತಂದಿಟ್ಟು, ಇಲ್ಲಿದೆ ಎಂದು ಹೇಳಿದ್ದರು. ಇನ್ನೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿ, ವೈದ್ಯರ ಮುಖಭಾವ ನೋಡಿ ಅದನ್ನು ರದ್ದು ಮಾಡಿದರು. ಮುಂದೇನು ಮಾಡಬೇಕೆಂಬುದು ಆ ಕೋಣೆಯಲ್ಲಿ ಗೊತ್ತಿತ್ತು, ಗೊತ್ತಿದ್ದವರ ಮಾತು ನಡೆಯಲಿಲ್ಲ. ಎಲೈನ್ 13 ದಿನಗಳ ನಂತರ ತೀರಿಕೊಂಡರು. ಅವರ ಪತಿ ಮಾರ್ಟಿನ್ ಬ್ರೋಮಿಲಿ ವೃತ್ತಿಯಿಂದ ವಿಮಾನ ಪೈಲಟ್. ಯಾರಿಗೆ ಶಿಕ್ಷೆಯಾಗಬೇಕು ಎಂಬುದಕ್ಕಿಂತ ಇದರಿಂದ ಏನು ಕಲಿಯಬೇಕು ಎಂಬುದರ ಬೆನ್ನು ಹತ್ತಿದ ಅವರು, 2007ರಲ್ಲಿ ಇದೇ ಕೆಲಸಕ್ಕೆಂದು ಒಂದು ಸಂಘವನ್ನು ಕಟ್ಟಿದರು.

ಹೆಲಿಕಾಪ್ಟರ್ ಆಂಬುಲೆನ್ಸ್‌ನಲ್ಲಿ ಈ ಎರಡೂ ಅಪಾಯಗಳು ಒಂದೇ ಸೂರಿನಡಿ ಇವೆ. ಕಾಕ್‌ಪಿಟ್ಟೂ ಅದೇ, ಶಸ್ತ್ರಚಿಕಿತ್ಸೆಯ ಕೋಣೆಯೂ ಅದೇ. ಅಮೆರಿಕದಲ್ಲಿ 2008 ಇಂತಹ ಹೆಲಿಕಾಪ್ಟರ್‌ಗಳ ಪಾಲಿಗೆ ಬಹು ಕರಾಳ ವರ್ಷವಾಯಿತು. 2009ರ ಫೆಬ್ರವರಿಯಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ನಾಲ್ಕು ದಿನಗಳ ಬಹಿರಂಗ ವಿಚಾರಣೆ ನಡೆಸಿತು, ಸನ್ನಿವೇಶ ಆಧಾರಿತ ತರಬೇತಿ ಬೇಕೆಂದು ಆ ವರ್ಷವೇ ಶಿಫಾರಸು ಮಾಡಿತು. ಹೊರಡಲು ಮೂವರೂ ಒಪ್ಪಬೇಕು, ಬೇಡ ಎನ್ನಲು ಒಬ್ಬರು ಸಾಕು ಎಂಬ ಅರ್ಥದ ಮಾತು ಅಲ್ಲಿನ ಸಿಬ್ಬಂದಿಯ ಬಾಯಲ್ಲಿ ರೂಢಿಯಲ್ಲಿದೆ. ಗೋಡೆಯ ಮೇಲೆ ಬರೆದು ಹಾಕುವುದು ಸುಲಭ. ಹೊಸದಾಗಿ ಸೇರಿದ ದಾದಿ ಇಪ್ಪತ್ತು ವರ್ಷ ಅನುಭವದ ಪೈಲಟ್‌ಗೆ ಬೇಡ ಎನ್ನಬೇಕಾದರೆ, ಬಾಯಿಗೆ ಆ ಮಾತು ಒಮ್ಮೆಯಾದರೂ ಮೊದಲೇ ರೂಢಿಯಾಗಿರಬೇಕು.

ಈಗ ಯೋಜನೆಗೆ ಬರೋಣ. ಹೊಸಬರು ಮಾಡುವ ಮೊದಲ ಕೆಲಸ ಕಥೆ ಕಟ್ಟುವುದು. ದೊಡ್ಡ ಅಪಘಾತ, ಬೆಂಕಿ, ನಾಲ್ಕು ಗಾಯಾಳುಗಳು! ಇದು ತಲೆಕೆಳಗಾದ ಕ್ರಮ. ಪಾಠಯೋಜನೆಯಲ್ಲಿ ನಾವು ಉದ್ದೇಶವನ್ನು ಮೊದಲು ಬರೆಯುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಉದ್ದೇಶ ಬರೆಯುವಾಗಲೂ ತಂಡದ ಸಂವಹನ ಉತ್ತಮಪಡಿಸುವುದು ಎಂದು ಬರೆದರೆ ಅದು ನಮ್ಮಲ್ಲಿ ಕೆಲವರು ಬರೆಯುವ ವಿದ್ಯಾರ್ಥಿಗಳು ಪದ್ಯವನ್ನು ಪ್ರಶಂಸಿಸುವರು ಎಂಬಂತಾಗುತ್ತದೆ. ಅದನ್ನು ನೋಡುವುದು ಹೇಗೆ, ಅಳೆಯುವುದು ಹೇಗೆ? ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಬರೆಯಬೇಕು. ಹೊರಡಲೇಬೇಕಾದ ಸಮಯ ಪೈಲಟ್‌ಗೆ ತಿಳಿದ ಎರಡು ನಿಮಿಷದೊಳಗೆ ವೈದ್ಯರಿಗೆ ತಿಳಿದಿರುತ್ತದೆ, ವೈದ್ಯರು ಅದನ್ನು ಬಾಯಿಬಿಟ್ಟು ಮರಳಿ ಹೇಳುತ್ತಾರೆ. ಹೀಗೆ.

ಇದಕ್ಕೆ ತಕ್ಕ ಸನ್ನಿವೇಶವೊಂದನ್ನು ಕಟ್ಟಿ ನೋಡೋಣ. ಇದು ನಾನೇ ಕಲ್ಪಿಸಿದ್ದು. ನಾರ್ವೆಯ ಒಂದು ಕಣಿವೆ, ಶರತ್ಕಾಲದ ಸಂಜೆ. ಟ್ರ್ಯಾಕ್ಟರ್ ಮಗುಚಿ ರೈತನೊಬ್ಬನ ತಲೆಗೆ ಪೆಟ್ಟಾಗಿದೆ, ಪ್ರಜ್ಞೆ ಇಲ್ಲ. ಸ್ಥಳದಲ್ಲೇ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ. ರಕ್ಷಣಾ ಸಿಬ್ಬಂದಿ ಅವರ ಜೊತೆಗಿದ್ದಾನೆ. ಪೈಲಟ್ 200 ಮೀಟರ್ ದೂರದ ಹೊಲದಲ್ಲಿ ಹೆಲಿಕಾಪ್ಟರ್ ಬಳಿ ಒಬ್ಬರೇ. ಮೋಡ ಕಣಿವೆಗೆ ಇಳಿಯುತ್ತಿದೆ, 20 ನಿಮಿಷದೊಳಗೆ ಹೊರಡದಿದ್ದರೆ ರಸ್ತೆಯ ಮೇಲೆಯೇ ಹೋಗಬೇಕು ಎಂಬ ಸುದ್ದಿಯನ್ನು ಯೋಜಕರು ಪೈಲಟ್‌ಗೆ ಮಾತ್ರ ಕೊಡುತ್ತಾರೆ. ಆ ಸುದ್ದಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಯಾವ ಮಾತುಗಳಲ್ಲಿ ವೈದ್ಯರನ್ನು ತಲುಪುತ್ತದೆ ಎಂಬುದೇ ಈ ಪಾಠ.

ಇಲ್ಲಿ ಕೊಳವೆ ಮೊದಲ ಯತ್ನದಲ್ಲೇ ಸಲೀಸಾಗಿ ಇಳಿಯುವಂತೆ ಯೋಜಿಸಬೇಕು. ಇದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಕೊಳವೆಯೂ ಸಿಕ್ಕಿಕೊಂಡರೆ ಆಮೇಲಿನ ಚರ್ಚೆಯೆಲ್ಲಾ ಕೊಳವೆಯ ಸುತ್ತಲೇ ತಿರುಗುತ್ತದೆ, ಹವೆಯ ಸುದ್ದಿ ಬದಿಗೆ ಸರಿಯುತ್ತದೆ. ಅಳುವ ಮಗ, ಎರಡನೆಯ ಗಾಯಾಳು, ಕೆಟ್ಟುನಿಂತ ರೇಡಿಯೋ ಎಲ್ಲವನ್ನೂ ತುರುಕುವ ಆಸೆ ಯೋಜಕರಿಗೆ ಇದ್ದೇ ಇರುತ್ತದೆ, ನಾಟಕ ಬರೆಯುವವರ ಚಟ ಅದು. ಒಂದು ಪಾಠಕ್ಕೆ ಒಂದು ಗಂಟು ಸಾಕು. ಅದು ಬಿಚ್ಚದೇ ಹೋದರೆ ಏನು ಮಾಡುವುದೆಂದು ಮಾತ್ರ ಮೊದಲೇ ಬರೆದಿಟ್ಟಿರಬೇಕು. ಉದಾಹರಣೆಗೆ, ಎಂಟು ನಿಮಿಷವಾದರೂ ಪೈಲಟ್ ಸುಮ್ಮನಿದ್ದರೆ ಯೋಜಕರಲ್ಲೊಬ್ಬರು ತುರ್ತು ಕರೆ ಕೇಂದ್ರದವರಂತೆ ರೇಡಿಯೋದಲ್ಲಿ ಹವೆಯ ಬಗ್ಗೆ ಮತ್ತೆ ವಿಚಾರಿಸುತ್ತಾರೆ.

ಇಂತಹ ತರಬೇತಿಯನ್ನು ವೈದ್ಯಕೀಯ ತರಬೇತಿ ಎಂದು ಕರೆದು ಪೈಲಟ್‌ರನ್ನು ಹೊರಗಿಟ್ಟರೆ ಅರ್ಧ ಪಾಠ ಹೋಯಿತು. ಆದರೆ ಒಂದು ಎಚ್ಚರಿಕೆಯೂ ಬೇಕು. ಎಲ್ಲ ಮಾತೂ ಎಲ್ಲರಿಗೂ ತಲುಪಬೇಕು ಎಂದಲ್ಲ. ರೋಗಿ ಒಂದು ಮಗು ಎಂಬಂತಹ ವಿವರಗಳನ್ನು ಹೊರಡುವ ತೀರ್ಮಾನಕ್ಕೆ ಮುಂಚೆ ಪೈಲಟ್‌ಗೆ ತಿಳಿಸದೆ ಇಡುವ ಪದ್ಧತಿ ಹಲವು ಕಡೆ ಇದೆ. ಕರುಳು ಚುರಕ್ ಎಂದವನು ಕೆಟ್ಟ ಹವೆಯಲ್ಲೂ ಹಾರಿಬಿಟ್ಟಾನು ಎಂಬ ಭಯ. ಆ ಪದ್ಧತಿಯನ್ನು ಮುರಿಯುವುದನ್ನು ನಮ್ಮ ತರಬೇತಿ ಕಲಿಸಬಾರದು.

ಸನ್ನಿವೇಶ ಎಷ್ಟರ ಮಟ್ಟಿಗೆ ನಿಜದಂತಿರಬೇಕು? ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದನ್ನು ಕಲಿಸುವ ಬೊಂಬೆಯನ್ನು 1960ರಲ್ಲಿ ಮಾಡಿದವರು ನಾರ್ವೆಯ ಸ್ಟವಾಂಗರ್ ಊರಿನ ಆಸ್ಮುಂಡ್ ಲೇರ್ಡಾಲ್, ಆಟಿಕೆ ತಯಾರಕರು. ವಾದ್ಯದ ಕಾರ್ಖಾನೆಯವರಿಂದ ವಿಮಾನದ ಪೆಟ್ಟಿಗೆ, ಆಟಿಕೆಯವರಿಂದ ವೈದ್ಯಕೀಯ ಬೊಂಬೆ! ಇಂದು ಉಸಿರಾಡುವ, ನಾಡಿ ಮಿಡಿಯುವ ದುಬಾರಿ ಬೊಂಬೆಗಳಿವೆ. ಜರ್ಮನಿಯ ಬಾನ್ ಬಳಿಯ ಹಂಗೆಲಾರ್‌ನಲ್ಲಿ ಎ.ಡಿ.ಎ.ಸಿ. ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಪೈಲಟ್‌ಗಳಿಗೆ ಹಾರಾಟದ ಸಿಮ್ಯುಲೇಟರ್ ಅಲ್ಲದೆ ವೈದ್ಯಕೀಯ ಸಿಬ್ಬಂದಿಗೆಂದೇ ಹೆಲಿಕಾಪ್ಟರ್ ಕ್ಯಾಬಿನ್‌ನ ಪ್ರತಿರೂಪವೂ ಇದೆ. ಇವೆಲ್ಲ ಇದ್ದರೆ ಒಳ್ಳೆಯದೇ. ಆದರೆ ನಮ್ಮ ಟ್ರ್ಯಾಕ್ಟರ್ ಪಾಠಕ್ಕೆ ಬೊಂಬೆ ಸಾಧಾರಣದ್ದಾದರೂ ನಡೆಯುತ್ತದೆ. ನಿಜವಾಗಿರಬೇಕಾದದ್ದು ದೂರ, ಗದ್ದಲ, ಹೆಲ್ಮೆಟ್, ರೇಡಿಯೋ, ಕೈಗವಸು ಮತ್ತು ಅವರದೇ ಚೀಲ. ಹಾರುವ ಹೆಲಿಕಾಪ್ಟರ್‌ನೊಳಗೆ ಸ್ಟೆತಾಸ್ಕೋಪ್ ಬಹುಮಟ್ಟಿಗೆ ನಿರುಪಯೋಗಿ, ಪಕ್ಕದವರ ಮಾತು ಕೇಳಬೇಕಾದರೂ ಇಂಟರ್‌ಕಾಮ್ ಬೇಕು. ರೋಗಿಯನ್ನು ಒಳಗೆ ಸೇರಿಸುವ ಗಡಿಬಿಡಿಯಲ್ಲಿ ವೈದ್ಯರ ಇಂಟರ್‌ಕಾಮ್ ತಂತಿ ಕಳಚಿದ್ದರೆ ಅವರ ಪಾಲಿಗೆ ಉಳಿದಿಬ್ಬರೂ ಮೂಕರು. ನಿಶ್ಶಬ್ದವಾದ ತರಗತಿ ಕೋಣೆಯಲ್ಲಿ ಇದು ಎಂದಿಗೂ ತಿಳಿಯುವುದಿಲ್ಲ. ಧ್ವನಿವರ್ಧಕದಲ್ಲಿ ಇಂಜಿನ್ ಸದ್ದು ಹಾಕಿದರೂ ಸಾಕು, ತಿಳಿಯುತ್ತದೆ.

ಕರ್ತವ್ಯದ ಮೇಲಿರುವ ತಂಡಕ್ಕೇ, ಅವರ ನೆಲೆಯಲ್ಲೇ, ಕರೆಗಳ ನಡುವೆ ತರಬೇತಿ ಕೊಡುವ ರೂಢಿ ನಾರ್ವೆಯಲ್ಲಿ ಬೆಳೆದಿದೆ. ಎಲ್ಲರನ್ನೂ ರಜೆ ಹಾಕಿಸಿ ಒಂದೆಡೆ ಸೇರಿಸುವುದಕ್ಕಿಂತ ಇದು ಸುಲಭ, ಆದರೆ ಅಪಾಯವೂ ಹೆಚ್ಚು. ನಿಜವಾದ ಕರೆ ಬಂದ ಕ್ಷಣ ತಾಲೀಮು ನಿಲ್ಲಬೇಕು, ಅದಕ್ಕೊಂದು ಸಂಕೇತದ ಮಾತು ಎಲ್ಲರಿಗೂ ಗೊತ್ತಿರಬೇಕು. ಇದು ಅಣಕು ಎಂದು ಕರೆ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿರಬೇಕು. ಅಭ್ಯಾಸಕ್ಕೆ ಬಳಸಿದ ನೀರು ತುಂಬಿದ ಸಿರಿಂಜು ಔಷಧಿ ಚೀಲದಲ್ಲಿ ಉಳಿದುಬಿಟ್ಟರೆ, ಮುಂದಿನ ನಿಜವಾದ ರೋಗಿಗೆ ಅರಿವಳಿಕೆಯ ಬದಲು ನೀರು ಹೋಗುತ್ತದೆ. ಆದ್ದರಿಂದ ಅಭ್ಯಾಸದ ಸಾಮಾನಿಗೆ ಬೇರೆ ಬಣ್ಣದ ಗುರುತು, ಮುಗಿದ ಮೇಲೆ ಇಬ್ಬರು ಸೇರಿ ಚೀಲದ ತಪಾಸಣೆ. ಯೋಜನೆಯ ಹಾಳೆಯಲ್ಲಿ ಇದಕ್ಕೆ ಹತ್ತು ನಿಮಿಷ ಬರೆದಿರಲೇಬೇಕು. ಬರೆಯದೇ ಹೋದ ಹತ್ತು ನಿಮಿಷ ಯಾರಿಗೂ ಸಿಗುವುದಿಲ್ಲ.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗ. ಸನ್ನಿವೇಶ ಮುಗಿದ ನಂತರದ ಅವಲೋಕನ, ಅವರು ಡೀಬ್ರೀಫಿಂಗ್ ಎನ್ನುತ್ತಾರೆ. ಸನ್ನಿವೇಶ 15 ನಿಮಿಷದ್ದಾದರೆ ಇದಕ್ಕೆ 25 ನಿಮಿಷವಾದರೂ ಇರಲಿ. ಅಮೆರಿಕದ ಬಾಸ್ಟನ್ ನಗರದ ಜೆನ್ನಿ ರುಡಾಲ್ಫ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಬರಹವೊಂದು ಈ ಕ್ಷೇತ್ರದಲ್ಲಿ ಹೆಸರುವಾಸಿ. ಅವರ ಕ್ರಮ ಸರಳವಾದದ್ದು. ನಡೆಸುವವರು ತಾವು ಕಂಡದ್ದನ್ನು ಹೇಳಬೇಕು, ಅದರಿಂದ ತಮಗೇಕೆ ಆತಂಕವಾಯಿತು ಎಂಬುದನ್ನೂ ಮುಚ್ಚಿಡದೆ ಹೇಳಬೇಕು, ಆಮೇಲೆ ಎದುರಿನವರ ಮನಸ್ಸಿನಲ್ಲಿ ಏನಿತ್ತು ಎಂದು ನಿಜವಾದ ಕುತೂಹಲದಿಂದ ಕೇಳಬೇಕು. ನಮ್ಮ ಸನ್ನಿವೇಶದಲ್ಲಿ ಅದು ಹೀಗೆ ನಡೆದೀತು:

"ಡಾಕ್ಟರೇ, ಇಪ್ಪತ್ತು ನಿಮಿಷ ಇದೆ ಎಂದು ರೇಡಿಯೋದಲ್ಲಿ ಬಂತು. ನೀವು ತಲೆ ಎತ್ತಲಿಲ್ಲ. ಹೆಲಿಕಾಪ್ಟರ್ ಕೈತಪ್ಪುತ್ತದೇನೋ ಎಂದು ನನಗೆ ಗಾಬರಿಯಾಯಿತು. ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

"ಕೇಳಿಸಿತು. ಆದರೆ ಇಪ್ಪತ್ತು ನಿಮಿಷ ಎಂದರೆ ಯಾವಾಗಿನಿಂದ? ನಾನು ಗಡಿಯಾರ ನೋಡುವ ಹೊತ್ತಿಗೆ ಎಷ್ಟು ಉಳಿದಿದೆ ಎಂದೇ ಗೊತ್ತಾಗಲಿಲ್ಲ."

ನೋಡಿ, ವೈದ್ಯರಿಗೆ ಗಮನವಿಲ್ಲ ಎಂದು ನಾವು ತೀರ್ಪು ಕೊಟ್ಟು ಮುಗಿಸಿದ್ದರೆ ಈ ಉತ್ತರ ಹೊರಗೆ ಬರುತ್ತಲೇ ಇರಲಿಲ್ಲ. ಈಗ ಪರಿಹಾರ ಪೈಲಟ್‌ರಿಂದಲೇ ಬರುತ್ತದೆ. ಇನ್ನು ಮುಂದೆ ಇಪ್ಪತ್ತು ನಿಮಿಷ ಎನ್ನುವ ಬದಲು 5 ಗಂಟೆ 40ಕ್ಕೆ ಹೊರಡಬೇಕು ಎಂದು ಹೇಳುತ್ತೇನೆ ಎನ್ನುತ್ತಾರೆ. ರಕ್ಷಣಾ ಸಿಬ್ಬಂದಿ ಆ ಸಮಯವನ್ನು ತನ್ನ ಕೈಗವಸಿನ ಮೇಲೆ ಬರೆದುಕೊಳ್ಳುತ್ತೇನೆ ಎನ್ನುತ್ತಾನೆ. ಇದು ಪರೀಕ್ಷೆಯಲ್ಲ, ಅಂಕಗಳಿಲ್ಲ, ಇಲ್ಲಿ ಆಡಿದ ಮಾತು ಮೇಲಧಿಕಾರಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಂಡರೆ ಮಾತ್ರ ಇಂತಹ ಮಾತುಗಳು ಬಾಯಿಂದ ಬರುತ್ತವೆ. ನಡೆಸುವವರು ಅದೇ ನೆಲೆಯ ಸಹೋದ್ಯೋಗಿಯಾಗಿ, ಈ ಕಲೆಯಲ್ಲಿ ತರಬೇತಾದವರಾಗಿದ್ದರೆ ಮೇಲು. ಮುಖ್ಯಸ್ಥರೇ ನಡೆಸಿದರೆ ಕಿರಿಯರು ಒಪ್ಪಿಗೆಯ ತಲೆ ಆಡಿಸಿ ಎದ್ದುಹೋಗುತ್ತಾರೆ.

ಬಿ.ಇಡ್. ಮಾಡಿದವರಿಗೆ ಈಗ ಸೂಕ್ಷ್ಮ ಬೋಧನೆ ನೆನಪಾಗಿರಬೇಕು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಅದನ್ನು ರೂಪಿಸಿದರು. ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಡೇವಿಡ್ ಗಾಬಾ ಎಂಬ ಅರಿವಳಿಕೆ ತಜ್ಞರು ವಿಮಾನದವರ ತಂಡ ತರಬೇತಿಯನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಂದದ್ದು ಒಂದು ಸ್ವಾರಸ್ಯ. ನಮ್ಮ ದೇಶದ ಮಾದರಿಯಲ್ಲಿ ಸೂಕ್ಷ್ಮ ಬೋಧನೆಯ ಚಕ್ರ 36 ನಿಮಿಷದ್ದು: ಬೋಧನೆಗೆ 6, ಹಿಮ್ಮಾಹಿತಿಗೆ 6, ಪುನರ್ಯೋಜನೆಗೆ 12, ಪುನರ್ಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಎಷ್ಟೋ ಕಾಲೇಜುಗಳಲ್ಲಿ ಪುನರ್ಬೋಧನೆ ನಡೆಯುವುದು ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಎಂಬುದು ಇಲ್ಲಿರುವ ಶಿಕ್ಷಕ ಬಂಧುಗಳಿಗೆ ಗೊತ್ತು, ನಗಬೇಡಿ. ತುರ್ತು ಸೇವೆಯ ತರಬೇತಿಯಲ್ಲಿಯೂ ಸಮಯ ಸಾಲದೆಂದು ಮೊದಲು ಕತ್ತರಿ ಬೀಳುವುದು ಇದಕ್ಕೇ. ಅವಲೋಕನದಲ್ಲಿ ಎಲ್ಲರೂ ಒಪ್ಪಿದ 5 ಗಂಟೆ 40 ಎಂಬ ಮಾತನ್ನು ಗದ್ದಲದ ನಡುವೆ, ಹೆಲ್ಮೆಟ್ ಹಾಕಿಕೊಂಡು, ಬಾಯಿಂದ ಒಮ್ಮೆ ಆಡಿಸದೆ ಬಿಟ್ಟರೆ ಅದು ಕೇವಲ ಒಳ್ಳೆಯ ಅಭಿಪ್ರಾಯವಾಗಿ ಉಳಿಯುತ್ತದೆ. ಸನ್ನಿವೇಶವನ್ನು ಐದು ನಿಮಿಷ ಮೊಟಕು ಮಾಡಿಯಾದರೂ ಎರಡನೆಯ ಸಲ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತಾಲೀಮಿನಲ್ಲಿ ಮನುಷ್ಯರ ಮಾತಲ್ಲದೆ ವಸ್ತುಗಳ ದೋಷವೂ ಹೊರಬೀಳುತ್ತದೆ. ಸಕ್ಷನ್ ಯಂತ್ರ ಕಟ್ಟಿದ ಪಟ್ಟಿಯನ್ನು ಕೈಗವಸು ಹಾಕಿದ ಕೈಯಿಂದ ಬಿಚ್ಚಲಾಗುವುದಿಲ್ಲ ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಂಥದ್ದನ್ನು ಬರೆದುಕೊಂಡು, ಯಾರು, ಯಾವ ದಿನದೊಳಗೆ ಸರಿಪಡಿಸಬೇಕು ಎಂದು ಹೆಸರು ಹಾಕುವ ಒಂದು ಕಲಂ ಯೋಜನೆಯ ಹಾಳೆಯಲ್ಲಿರಬೇಕು.

ಇದು ಹೊರದೇಶದ ಮಾತಾಯಿತು ಎನ್ನುವಂತಿಲ್ಲ. ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ 2024ರ ಅಕ್ಟೋಬರ್ 29ರಂದು ಸಂಜೀವನಿ ಎಂಬ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆ ಉದ್ಘಾಟನೆಯಾಯಿತು. ಮರುವರ್ಷ, 2025ರ ಮೇ 17ರಂದು, ರೋಗಿಯನ್ನು ಕರೆತರಲು ಕೇದಾರನಾಥಕ್ಕೆ ಹೋದ ಆ ಹೆಲಿಕಾಪ್ಟರ್ ಇಳಿಯುವಾಗ ನೆಲಕ್ಕೆ ಅಪ್ಪಳಿಸಿ ಬಾಲದ ಭಾಗ ಮುರಿಯಿತು. ಒಳಗಿದ್ದ ಪೈಲಟ್, ವೈದ್ಯರು ಮತ್ತು ಶುಶ್ರೂಷಾ ಸಿಬ್ಬಂದಿ ಮೂವರೂ ಪಾರಾದರು. ಆ ಮೂರು ಆಸನಗಳಲ್ಲಿ ಒಂದು ದಾದಿಯದು ಎಂಬುದನ್ನು ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಕೋರ್ಸುಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಹೆಲಿಕಾಪ್ಟರ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಲ್ಲಿ ಚಾಲಕರನ್ನು ಪೈಲಟ್ ಎಂದೇ ಕರೆಯುತ್ತಾರೆ, ತಮಗೂ ಗೊತ್ತಿರಬಹುದು. ಹಿಂದೆ ರೋಗಿಯ ಜೊತೆ ಒಬ್ಬರು, ಮುಂದೆ ಸ್ಟಿಯರಿಂಗ್ ಹಿಡಿದು ಒಬ್ಬರು, ನಡುವೆ ಒಂದು ಗೋಡೆ. ಹಿಂದಿನವರು ರೋಗಿಯ ಎದೆ ಒತ್ತುತ್ತಿರುವಾಗ ಮುಂದೆ ಹಂಪ್ ಇದೆ ಎಂದು ಹೇಳುವವರು ಯಾರು, ಹೇಳಿದ್ದು ಸೈರನ್ ಸದ್ದಿನಲ್ಲಿ ಕೇಳುತ್ತದೆಯೇ? ಇದನ್ನು ಪರೀಕ್ಷಿಸಲು ನಿಂತ ವಾಹನ, ಒಂದು ಬೊಂಬೆ, ಒಂದು ಹಾಳೆ ಮತ್ತು ಮುಕ್ಕಾಲು ಗಂಟೆ ಸಾಕು. ಹಾಳೆಯ ಮೇಲ್ಭಾಗದಲ್ಲಿ ಒಂದೇ ಉದ್ದೇಶ ಬರೆಯಿರಿ, ಕೆಳಭಾಗದಲ್ಲಿ ಎರಡನೆಯ ಸಲ ಮಾಡಿಸಲು ಹತ್ತು ನಿಮಿಷ ಉಳಿಸಿ. ಈ ಸಭೆಯಲ್ಲಿರುವ ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳು ಅಂತಹ ಹಾಳೆಯೊಂದನ್ನು ತಯಾರಿಸಿ ತಂದರೆ, ಉದ್ದೇಶದ ಸಾಲನ್ನು ಅವರ ಜೊತೆ ಕುಳಿತು ತಿದ್ದಲು ನಾನು ಸಿದ್ಧನಿದ್ದೇನೆ. ಔಷಧಿಯ ಭಾಗವನ್ನು ಮಾತ್ರ ಡಾಕ್ಟರರಿಗೆ ತೋರಿಸಿ.